ಕಾರಣ ಕಾಣದ ಜ್ವರ, ಕೆಳಗಿಳಿಯದ ವೃಷಣ

ಪ್ರಶ್ನೆ: ನಮ್ಮ 9 ತಿಂಗಳ ಮಗಳಿಗೆ ನೆಗಡಿ, ಕೆಮ್ಮು ಏನೂ ಇಲ್ಲದೆ ಜ್ವರ ಬಂದಿತ್ತು. ನಳಿಕೆ ಹಾಕಿ ಮೂತ್ರ ತೆಗೆದು ಪರೀಕ್ಷಿಸಿದ ವೈದ್ಯರು ಸೋಂಕು ಇದೆಯೆಂದು 10 ದಿನಗಳ ಆಂಟಿಬಯೋಟಿಕ್ ಬರೆದುಕೊಟ್ಟಿದ್ದಾರೆ. ಎರಡೇ ದಿನಕ್ಕೆ ಜ್ವರ ಬಿಟ್ಟಿದೆ. ಔಷಧಿ ನಿಲ್ಲಿಸಬಹುದೇ? ಸ್ಕ್ಯಾನಿಂಗ್ ಮಾಡಿಸಲೇಬೇಕೇ? ಮೂತ್ರವನ್ನು ಅಂಟಿಸುವ ಚೀಲದಲ್ಲಿ ಹಿಡಿದಿದ್ದರೆ ಸಾಲದಿತ್ತೇ?

ಉತ್ತರ: ದಯವಿಟ್ಟು ಔಷಧಿ ನಿಲ್ಲಿಸಬೇಡಿ. ಜ್ವರ ಬಿಟ್ಟಿತೆಂದರೆ ಔಷಧಿ ಹಿಡಿದಿದೆ ಎಂದರ್ಥವೇ ಹೊರತು ಸೋಂಕು ಪೂರ್ತಿ ಹೋಗಿದೆ ಎಂದಲ್ಲ. ಈ ವಯಸ್ಸಿನಲ್ಲಿ ಜ್ವರದೊಂದಿಗೆ ಬರುವ ಮೂತ್ರದ ಸೋಂಕು ಬಹುಮಟ್ಟಿಗೆ ಮೂತ್ರಪಿಂಡವನ್ನೂ ತಟ್ಟಿರುತ್ತದೆ. ಅಲ್ಲಿ ಒಮ್ಮೆ ಉಳಿದ ಗಾಯದ ಕಲೆ ಮತ್ತೆ ಮಾಯುವುದಿಲ್ಲ, ಮುಂದೆ ರಕ್ತದೊತ್ತಡಕ್ಕೂ ದಾರಿಯಾಗಬಹುದು.

ನಳಿಕೆ ಹಾಕುವುದನ್ನು ನೋಡಿ ನಿಮಗಾದ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಚೀಲದೊಳಗೆ ಬೀಳುವ ಮೂತ್ರ ಮಗುವಿನ ಚರ್ಮವನ್ನು ಸವರಿಕೊಂಡೇ ಬರುತ್ತದೆ, ಮಲದ್ವಾರದ ಸುತ್ತಲಿನ ರೋಗಾಣುಗಳೂ ಅದರೊಂದಿಗೆ ಸೇರುತ್ತವೆ. ಈ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಕರುಳಿನಲ್ಲೇ ವಾಸಿಸುವುದರಿಂದ, ಮೂತ್ರದ ರೋಗಾಣುಗಳನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಅದು ಬೆಳೆದರೂ ಮೂತ್ರಕೋಶದಿಂದ ಬಂದದ್ದೋ ಚರ್ಮದಿಂದ ಬಂದದ್ದೋ ಎಂದು ಹೇಳಲಾಗದು. ಚೀಲದ ಮೂತ್ರದಲ್ಲಿ ಏನೂ ಬೆಳೆಯದಿದ್ದರೆ ಆ ಫಲಿತಾಂಶವನ್ನು ನಂಬಬಹುದು, ಬೆಳೆದರೆ ನಂಬುವುದು ಕಷ್ಟ. ಮಾದರಿಯನ್ನು ಆಂಟಿಬಯೋಟಿಕ್‌ನ ಮೊದಲ ಗುಟುಕಿಗೆ ಮುಂಚೆಯೇ ತೆಗೆಯಬೇಕೆಂಬುದೂ ಅಷ್ಟೇ ಮುಖ್ಯ. ಕಾರಣ ತಿಳಿಯದ ಜ್ವರಕ್ಕೆ ಮೊದಲು ಔಷಧಿ, ಆಮೇಲೆ ಪರೀಕ್ಷೆ ಎಂಬ ಕ್ರಮದಿಂದ ಎಷ್ಟೋ ಮಕ್ಕಳ ಸೋಂಕು ಗುರುತಿಗೇ ಸಿಗದೆ ಹೋಗುತ್ತದೆ ಎಂಬುದು ನನ್ನನ್ನು ಸದಾ ಕಾಡುವ ಸಂಗತಿ. ನಿಮ್ಮ ವೈದ್ಯರು ಸರಿಯಾದುದನ್ನೇ ಮಾಡಿದ್ದಾರೆ.

ಇನ್ನು ಸ್ಕ್ಯಾನಿಂಗ್. ಮೂತ್ರಪಿಂಡದಿಂದ ಇಳಿದು ಬರುವ ನಾಳವು ಮೂತ್ರಕೋಶದ ಗೋಡೆಯನ್ನು ಓರೆಯಾಗಿ ಹಾದು ಒಳಸೇರುತ್ತದೆ. ಕೋಶ ತುಂಬಿದಂತೆ ಆ ಓರೆ ಹಾದಿ ಅದುಮಿಕೊಂಡು ಮುಚ್ಚುವುದರಿಂದ ಮೂತ್ರ ಹಿಂದಕ್ಕೆ ಹೋಗುವುದಿಲ್ಲ. ಕೆಲವು ಮಕ್ಕಳಲ್ಲಿ ಈ ಹಾದಿ ಗಿಡ್ಡವಾಗಿದ್ದು ಮೂತ್ರ ಮೇಲಕ್ಕೆ ಚಿಮ್ಮುತ್ತದೆ. ಜ್ವರ ಸಹಿತ ಸೋಂಕು ಬಂದ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಈ ಹಿಮ್ಮುಖ ಹರಿವು ಇರುತ್ತದೆ. ಸೌಮ್ಯವಾಗಿದ್ದರೆ ಮಗು ಬೆಳೆದಂತೆ ಹಾದಿಯೂ ಉದ್ದವಾಗಿ ತಾನಾಗಿ ಸರಿಹೋಗುವುದೇ ಹೆಚ್ಚು. ಅಲ್ಟ್ರಾಸೌಂಡ್‌ನಲ್ಲಿ ಮೂತ್ರಪಿಂಡ ಊದಿಕೊಂಡಿದೆಯೇ, ಎಲ್ಲಾದರೂ ತಡೆಯಿದೆಯೇ ಎಂಬುದು ನೋವಿಲ್ಲದೆ, ವಿಕಿರಣವಿಲ್ಲದೆ ತಿಳಿಯುತ್ತದೆ, ಆದ್ದರಿಂದ ತಪ್ಪದೆ ಮಾಡಿಸಿ. ಹಿಮ್ಮುಖ ಹರಿವನ್ನೇ ನೇರವಾಗಿ ತೋರಿಸುವ, ಬಣ್ಣದ ದ್ರವ ತುಂಬಿಸಿ ತೆಗೆಯುವ ಎಕ್ಸ್‌ರೇ ಎಲ್ಲರಿಗೂ ಬೇಕಿಲ್ಲ. ಸ್ಕ್ಯಾನ್‌ನಲ್ಲಿ ದೋಷ ಕಂಡರೆ ಅಥವಾ ಜ್ವರದ ಸೋಂಕು ಮರುಕಳಿಸಿದರೆ ಅದರ ವಿಚಾರ ಬರುತ್ತದೆ. ಮಲಬದ್ಧತೆಯಾಗದಂತೆ ನೋಡಿಕೊಳ್ಳಿ, ಒರೆಸುವಾಗ ಮುಂದಿನಿಂದ ಹಿಂದಕ್ಕೆ ಒರೆಸಿ. ಮತ್ತೆ ಕಾರಣ ಕಾಣದ ಜ್ವರ ಬಂದರೆ ಕಾಯದೆ ಮೂತ್ರ ಪರೀಕ್ಷೆ ಮಾಡಿಸಿ.

ಪ್ರಶ್ನೆ: ದಿನ ತುಂಬಿ ಹುಟ್ಟಿದ ನಮ್ಮ ಮಗನಿಗೆ ಈಗ 8 ತಿಂಗಳು. ಬಲಗಡೆಯ ವೃಷಣ ಚೀಲದಲ್ಲಿ ಕೈಗೆ ಸಿಗುತ್ತಿಲ್ಲ. ಐದು ವರ್ಷದೊಳಗೆ ತಾನಾಗಿ ಇಳಿಯುತ್ತದೆ ಎನ್ನುತ್ತಾರೆ ಹಿರಿಯರು. ಕಾಯಬಹುದೇ?

ಉತ್ತರ: ಬೇಡ. 6 ತಿಂಗಳು ಕಳೆದ ಮೇಲೆ ತಾನಾಗಿ ಇಳಿಯುವುದು ಅಪರೂಪ. ದೇಹದೊಳಗಿನ ಬಿಸಿಗೆ ವೃಷಣದ ಬೀಜಕೋಶಗಳು ಎಳವೆಯಲ್ಲೇ ಕುಗ್ಗತೊಡಗುವುದರಿಂದ, ಕೆಳಗಿಳಿಸಿ ಕೂರಿಸುವ ಶಸ್ತ್ರಚಿಕಿತ್ಸೆಯನ್ನು 6ರಿಂದ 18 ತಿಂಗಳೊಳಗೆ ಮಾಡುವುದು ಒಳ್ಳೆಯದು. ಮೊದಲು ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಿ. ಇಲ್ಲಿ ಸ್ಕ್ಯಾನ್‌ಗಿಂತ ಅನುಭವಿ ಕೈಯ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ. ಬಿಸಿನೀರಿನ ಸ್ನಾನದ ಹೊತ್ತಿನಲ್ಲಿ ಅದು ಚೀಲಕ್ಕೆ ಇಳಿದಿರುವುದನ್ನು ನೀವು ಎಂದಾದರೂ ಕಂಡಿದ್ದರೆ ಮರೆಯದೆ ಅವರಿಗೆ ಹೇಳಿ, ಏಕೆಂದರೆ ಹಾಗೆ ಮೇಲೆ ಕೆಳಗೆ ಸರಿದಾಡುವ ವೃಷಣಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ವರ್ಷಕ್ಕೊಮ್ಮೆ ತೋರಿಸುತ್ತಿದ್ದರೆ ಸಾಕು.