ಬುದ್ಧಿ ಬೆಳವಣಿಗೆ ನಿಧಾನವಿರುವ ಮಗನನ್ನು ನೋಡಿಕೊಳ್ಳುವ ಅಕ್ಕನಿಗೆ ಹೇಗೆ ನೆರವಾಗಲಿ?

ಸಿಂಧನೂರು ತಾಲೂಕಿನ ಹಳ್ಳಿಯಲ್ಲಿರುವ ನಿಮ್ಮ ಅಕ್ಕನಿಗೆ ಮೊದಲು ಬೇಕಾದದ್ದು ಬಿಡುವು. ವಾರವಾರ ಅದೇ ದಿನ, ಅದೇ ಹೊತ್ತಿಗೆ ಎರಡು ಗಂಟೆ ಮಗನನ್ನು ನೀವು ನೋಡಿಕೊಳ್ಳಿ. "ಏನಾದ್ರೂ ಬೇಕಿದ್ರೆ ಹೇಳಕ್ಕಾ" ಅಂದರೆ ಸಾಲದು, ಬಾಯಿಬಿಟ್ಟು ಕೇಳುವವರು ಕಡಿಮೆ.

ಅದೇ ಹೊತ್ತು ಯಾಕೆ? ಬುದ್ಧಿ ಬೆಳವಣಿಗೆ ನಿಧಾನವಿರುವವರಲ್ಲಿ ಬಹಳ ಜನಕ್ಕೆ ರೂಢಿ ತಪ್ಪಿದರೆ ಗಾಬರಿ. ಹೊಸಬರು ಉಣಿಸಿದರೆ ಬಾಯಿಯೇ ತೆರೆಯದಿರಬಹುದು. ಹಾಗಾಗಿ ಎಲ್ಲಾ ಕೆಲಸ ತಾಯಿಯ ಮೇಲೇ ಬೀಳುತ್ತದೆ, ನೆಂಟರ ಮದುವೆಗೂ ಹೋಗಲು ಆಗುವುದಿಲ್ಲ. ಮೊದಲ ಕೆಲವು ವಾರ ಅಕ್ಕ ಮನೆಯಲ್ಲಿರುವಾಗಲೇ ಜೊತೆ ಕೂತು ಕಲಿಯಿರಿ: ರೊಟ್ಟಿ ಎಷ್ಟು ಸಣ್ಣಗೆ ಮುರಿದು ಹಾಲಲ್ಲಿ ನೆನೆಸಬೇಕು, ಶೌಚಕ್ಕೆ ಹೇಗೆ ಸನ್ನೆ ಮಾಡುತ್ತಾನೆ, ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ. ಅವನಿಗೆ ನೀವು ರೂಢಿಯಾದರೆ ಅಕ್ಕ ನಿಶ್ಚಿಂತೆಯಿಂದ ಹೊರಗೆ ಹೋಗಬಹುದು.

ಕಚೇರಿ ಓಡಾಟವನ್ನೂ ನೀವೇ ವಹಿಸಿಕೊಳ್ಳಿ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಕೇಂದ್ರ ಸರ್ಕಾರದ ನಿರಾಮಯ ವಿಮೆಗೂ ಅರ್ಜಿ ಹಾಕಿಸಿ. ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ.