ಯಾರು ಯಾವ ಟೀಮಿಗೆ? ಓದುಗರ ಪ್ರಶ್ನೆ, ಹಳೇ ಆಟಗಾರನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಆಟದ ಬಗ್ಗೆ ಕೇಳಿದವರು ಕಡಿಮೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಯಾವ ಸ್ಟಾರ್ ಯಾವ ಟೀಮಿಗೆ ಹೋಗುತ್ತಾನೆ ಎಂದು ಕೇಳಿದವರೇ ಜಾಸ್ತಿ. ನಾನು ಸ್ಪೋರ್ಟ್ಸ್ ಕೋಟಾದಲ್ಲಿ ಬ್ಯಾಂಕ್ ಸೇರಿ, ಹಗಲು ಕೌಂಟರ್, ಸಂಜೆ ಕೋರ್ಟ್ ಎಂದು ಕಾಲ ಕಳೆದವನು. ಉತ್ತರಗಳಲ್ಲಿ ಲೆಕ್ಕ ಸ್ವಲ್ಪ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ನಾನು ಡಲ್ಲಾಸ್ ಅಭಿಮಾನಿ. ನಮ್ಮ ಸ್ಟಾರ್ ಲುಕಾ ಡಾಂಚಿಚ್‌ನನ್ನು ಲಾಸ್ ಏಂಜಲೀಸ್‌ನ ಲೇಕರ್ಸ್‌ಗೆ ಕೊಟ್ಟಾಗಿನಿಂದ ಮ್ಯಾಚ್ ನೋಡುವ ಮನಸ್ಸೇ ಇಲ್ಲ. ವರ್ಷವಿಡೀ ಗಾಳಿಸುದ್ದಿ ಹಬ್ಬಿಸುವವರಿಗೆ ಇದರ ಸುಳಿವೇ ಸಿಗಲಿಲ್ಲವಲ್ಲ, ಹೇಗೆ ಸರ್? (ಓದುಗ, ದಾವಣಗೆರೆ)

ಉತ್ತರ: 2025ರ ಫೆಬ್ರುವರಿ 2, ಭಾನುವಾರ. ನಮ್ಮಲ್ಲಿ ತಿಂಡಿ ಮುಗಿದ ಹೊತ್ತು, ಅಲ್ಲಿ ನಡುರಾತ್ರಿ. ಇಎಸ್‌ಪಿಎನ್‌ನ ಶಾಮ್ಸ್ ಚರಾನಿಯಾ ಸುದ್ದಿ ಹಾಕಿದರು. ಅವರ ಖಾತೆಯನ್ನು ಯಾರೋ ಹ್ಯಾಕ್ ಮಾಡಿದ್ದಾರೆ ಅಂತಲೇ ಬಹಳ ಜನ ಅಂದುಕೊಂಡರು. ಇದು ನಿಜ ಎಂದು ಅವರು ಇನ್ನೊಮ್ಮೆ ಬರೆಯಬೇಕಾಯಿತು. ಏಪ್ರಿಲ್ ಒಂದನೇ ತಾರೀಖಾ ಅಂತ ಸ್ವತಃ ಲುಕಾಗೂ ಅನ್ನಿಸಿತಂತೆ.

ಸುಳಿವು ಸಿಗದಿರಲು ಕಾರಣ ಸರಳ. ಗಾಳಿಸುದ್ದಿ ಹುಟ್ಟಬೇಕಾದರೆ ಅದರಿಂದ ಯಾರಿಗಾದರೂ ಲಾಭ ಇರಬೇಕು. ಆಟಗಾರನಿಗೆ ಟೀಮ್ ಬಿಡಬೇಕಿದ್ದರೆ ಅವನ ಏಜೆಂಟ್ ಬಾಯಿ ಬಿಡುತ್ತಾನೆ. ಟೀಮಿಗೆ ಬೆಲೆ ಏರಿಸಬೇಕಿದ್ದರೆ ಟೀಮಿನವರು ಬಿಡುತ್ತಾರೆ. ಇಲ್ಲಿ ಲುಕಾಗೆ ವಿಷಯವೇ ಗೊತ್ತಿಲ್ಲ. ಡಲ್ಲಾಸ್‌ನ ಜನರಲ್ ಮ್ಯಾನೇಜರ್ ನಿಕೋ ಹ್ಯಾರಿಸನ್ ಬೇರೆ ಟೀಮುಗಳನ್ನು ಕರೆದು ಹರಾಜು ಹಾಕಲೂ ಇಲ್ಲ. ಲೇಕರ್ಸ್‌ನ ರಾಬ್ ಪೆಲಿಂಕಾ ಅವರಿಗೆ ಹಳೇ ಪರಿಚಯ. ಡಲ್ಲಾಸ್‌ನಲ್ಲಿ ಇಬ್ಬರೂ ಕಾಫಿಗೆ ಕೂತಾಗ ಶುರುವಾದ ಮಾತು ಅದು. ಕೋಚ್ ಜೇಸನ್ ಕಿಡ್‌ಗೂ ತಿಳಿದದ್ದು ಕಟ್ಟಕಡೆಗೆ. ಹೆಡ್ ಆಫೀಸಿನಿಂದ ಬರುವ ಟ್ರಾನ್ಸ್‌ಫರ್ ಆರ್ಡರ್ ಹಾಗೆ: ಹೋಗಬೇಕಾದವನಿಗೆ ಗೊತ್ತಾಗುವ ಹೊತ್ತಿಗೆ ಸಹಿ ಬಿದ್ದಾಗಿರುತ್ತದೆ.

25ರ ಹುಡುಗ. ಎಂಟು ತಿಂಗಳ ಹಿಂದಷ್ಟೇ ಟೀಮನ್ನು ಫೈನಲ್‌ಗೆ ಕರೆದೊಯ್ದಿದ್ದ. ಬದಲಿಗೆ ಸಿಕ್ಕಿದ್ದು 31 ವರ್ಷದ ಆಂಥೊನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು 2029ರ ಮೊದಲ ಸುತ್ತಿನ ಒಂದು ಡ್ರಾಫ್ಟ್ ಪಿಕ್ (ಲೀಗಿಗೆ ಬರುವ ಹೊಸ ಹುಡುಗರಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಸರದಿ). ಡಿಫೆನ್ಸ್ ಬೇಕಿತ್ತು ಎಂದು ಹ್ಯಾರಿಸನ್ ಹೇಳಿದರು. ಹೇಳಿದ್ದು ಸುಳ್ಳಲ್ಲ, ಆದರೆ ಅದರ ಹಿಂದೆ ಇನ್ನೊಂದು ಅಂಕಿ ಇದೆ. ಆ ಬೇಸಿಗೆಯಲ್ಲಿ ಡಲ್ಲಾಸ್ ಲುಕಾಗೆ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ಕೊಡಬೇಕಾಗುತ್ತಿತ್ತು. ಟೀಮ್ ಬದಲಾದ ಮೇಲೆ ಅಷ್ಟು ದೊಡ್ಡ ಒಪ್ಪಂದದ ಹಕ್ಕು ಅವನಿಗಿಲ್ಲ. ಲೇಕರ್ಸ್ ಜೊತೆ ಆಗಸ್ಟ್‌ನಲ್ಲಿ ಮಾಡಿಕೊಂಡದ್ದು ಮೂರು ವರ್ಷಕ್ಕೆ 16.5 ಕೋಟಿ. ಅವನ ತಪ್ಪೇನೂ ಇಲ್ಲದೆ ಆದ ನಷ್ಟ ಇದು. ನನಗೆ ಹೆಚ್ಚು ಬೇಜಾರಾಗಿದ್ದು ಇದಕ್ಕೇ.

ಆಮೇಲೆ ನಡೆದದ್ದು ನಿಮಗೇ ಗೊತ್ತು. ಕೇವಲ ಶೇ. 1.8ರ ಅವಕಾಶ ಇದ್ದ ಡಲ್ಲಾಸ್, ಡ್ರಾಫ್ಟ್‌ನ ಮೊದಲ ಪಿಕ್ ಯಾರಿಗೆ ಎಂದು ತೀರ್ಮಾನಿಸುವ ಮೇ ತಿಂಗಳ ಲಾಟರಿ ಗೆದ್ದು ಕೂಪರ್ ಫ್ಲಾಗ್ ಎಂಬ ಹೊಸ ಹುಡುಗನನ್ನು ತಂದಿತು. ನವೆಂಬರ್‌ನಲ್ಲಿ ಹ್ಯಾರಿಸನ್ ಕೆಲಸ ಹೋಯಿತು. ನೀವು ಮ್ಯಾಚ್ ನೋಡಿ ಸ್ವಾಮಿ. ಆ ಫ್ಲಾಗ್ ಏನು ತಪ್ಪು ಮಾಡಿದ್ದಾನೆ?

ಪ್ರಶ್ನೆ: ನಮ್ಮ ಹಾಸ್ಟೆಲಿನಲ್ಲಿ ದಿನಾ ರಾತ್ರಿ ಜಗಳ. ಆಸ್ಟಿನ್ ರೀವ್ಸ್, ರುಯಿ ಹಚಿಮುರಾ ಇಬ್ಬರನ್ನೂ ಕೊಟ್ಟರೆ ಲೇಕರ್ಸ್‌ಗೆ ದೊಡ್ಡ ಸ್ಟಾರ್ ಯಾನಿಸ್ ಸಿಗಬಹುದಿತ್ತು ಅಂತ ನನ್ನ ವಾದ. ಮೇಲೆ ಮೂರ್ನಾಲ್ಕು ಡ್ರಾಫ್ಟ್ ಪಿಕ್ ಬೇಕಾದರೂ ಕೊಡಲಿ. ಸರಿ ತಾನೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನಿಮ್ಮ ವಾದ ಕೌಂಟರಿನಲ್ಲೇ ರಿಜೆಕ್ಟ್ ಆಗುತ್ತದೆ. 2025-26ರ ಸಂಬಳ ಹಿಡಿಯೋಣ. ಯಾನಿಸ್ ಆಂಟೆಟೊಕುಂಪೊಗೆ 5.41 ಕೋಟಿ ಡಾಲರ್. ರೀವ್ಸ್‌ಗೆ ಸುಮಾರು 1.39 ಕೋಟಿ, ಹಚಿಮುರಾಗೆ 1.83 ಕೋಟಿ. ಕೂಡಿದರೆ 3.22. ಸ್ಯಾಲರಿ ಕ್ಯಾಪ್, ಅಂದರೆ ಟೀಮಿನ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ, ದಾಟಿರುವ ಟೀಮು ಕಳಿಸುವ ಸಂಬಳಕ್ಕೂ ತರಿಸುವ ಸಂಬಳಕ್ಕೂ ಹೊಂದಿಕೆ ಇರಬೇಕು. ನಿಯಮದಲ್ಲಿರುವ ವಿನಾಯಿತಿಯನ್ನೆಲ್ಲ ಸೇರಿಸಿದರೂ 3.22 ಹೋಗಿ 5.41 ಆಗುವುದಿಲ್ಲ.

ಇನ್ನು ಪಿಕ್ ವಿಷಯ. ಲೇಕರ್ಸ್‌ನ 2027ರದ್ದು ಯೂಟಾಗೆ ಕೊಟ್ಟಾಗಿದೆ, 2029ರದ್ದು ಡಲ್ಲಾಸ್‌ಗೆ. ಮುಂದಿನ ಯಾವ ಎರಡು ಸಾಲು ವರ್ಷಗಳಲ್ಲೂ ಟೀಮು ಮೊದಲ ಸುತ್ತಿನ ಪಿಕ್ ಇಲ್ಲದೆ ಇರಬಾರದು ಎಂಬ ನಿಯಮ ಬೇರೆ ಇದೆ. ಅದಕ್ಕೆ ಸ್ಟೆಪಿಯನ್ ನಿಯಮ ಅಂತಾರೆ. 80ರ ದಶಕದ ಶುರುವಿನಲ್ಲಿ ಟೆಡ್ ಸ್ಟೆಪಿಯನ್ ಎಂಬ ಕ್ಲೀವ್‌ಲ್ಯಾಂಡ್ ಮಾಲೀಕ ಸಿಕ್ಕಸಿಕ್ಕವರಿಗೆ ಪಿಕ್ ಹಂಚಿ ಟೀಮನ್ನು ಬರಿದು ಮಾಡಿದ. ಅವನಂಥವರಿಂದ ಟೀಮುಗಳನ್ನು ಕಾಪಾಡಲು ಬಂದ ನಿಯಮ. ಹಾಗಾಗಿ ಆ ಸೀಸನ್‌ನಲ್ಲಿ 2026, 2028, 2030 ಮೂರನ್ನೂ ಮುಟ್ಟುವಂತಿರಲಿಲ್ಲ. ಕೈಯಲ್ಲಿ ಉಳಿದದ್ದು 2031 ಅಥವಾ 2032ರ ಒಂದು. ಮೂರ್ನಾಲ್ಕು ಎಲ್ಲಿಂದ ತರುತ್ತೀರಿ?

ದೊಡ್ಡ ಖರ್ಚಿನ ಟೀಮುಗಳ ಕಷ್ಟ ಇನ್ನೂ ಜಾಸ್ತಿ. ಆ ಸೀಸನ್‌ನ ಕ್ಯಾಪ್ 15.46 ಕೋಟಿ. ಅದಕ್ಕೂ ಮೇಲೆ ಸೆಕೆಂಡ್ ಏಪ್ರನ್ ಅನ್ನುವ ಸಂಬಳದ ಗೆರೆ 20.78 ಕೋಟಿ. ಅದನ್ನು ದಾಟಿದ ಟೀಮು ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಸ್ಟಾರ್‌ನನ್ನು ತರುವಂತೆಯೇ ಇಲ್ಲ. ಮುಂದಿನ ಸಲ ಜಗಳ ಶುರುವಾದರೆ ಮೊದಲು ಸಂಬಳದ ಪಟ್ಟಿ ತೆಗೆಯಿರಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಫ್ರೀ ಏಜೆನ್ಸಿ ಯಾವಾಗ ಶುರು? ಅವತ್ತು ಬರುವ ಸುದ್ದಿ ನಂಬಬಹುದಾ? (ಓದುಗ, ಕಲಬುರಗಿ)

ಉತ್ತರ: ಒಪ್ಪಂದ ಮುಗಿದ ಆಟಗಾರರು ಬೇಕಾದ ಟೀಮಿನ ಜೊತೆ ಮಾತಾಡುವ ಈ ಕಾಲ ಶುರುವಾಗುವುದು ಅಲ್ಲಿ ಜೂನ್ 30ರ ಸಂಜೆ 6, ನಮಗೆ ಜುಲೈ 1ರ ಬೆಳಗಿನ ಜಾವ ಮೂರೂವರೆ. ಅಲಾರಾಂ ಇಡುವುದು ಬೇಡ, ಎದ್ದ ಮೇಲೆ ನೋಡಿದರೂ ಸುದ್ದಿ ಅಲ್ಲೇ ಇರುತ್ತದೆ. ಶುರುವಿನ ಕೆಲವು ದಿನ ಬರೀ ಬಾಯಿಮಾತಿನ ಒಪ್ಪಂದ, ಹೆಚ್ಚಿನವರು ಸಹಿ ಹಾಕುವುದು ಜುಲೈ 6ರ ನಂತರ. ಮಾತಿಗೂ ಸಹಿಗೂ ನಡುವೆ ಏನು ಬೇಕಾದರೂ ಆಗಬಹುದು. 2015ರಲ್ಲಿ ಡಿಆಂಡ್ರೆ ಜೋರ್ಡನ್ ಡಲ್ಲಾಸ್‌ಗೆ ಬರುತ್ತೇನೆ ಅಂದಿದ್ದ. (ಪಾಪ, ಮತ್ತೆ ಡಲ್ಲಾಸ್!) ಮನಸ್ಸು ಬದಲಾಯಿತು. ಹಳೇ ಟೀಮ್ ಕ್ಲಿಪ್ಪರ್ಸ್‌ನವರು ಹ್ಯೂಸ್ಟನ್‌ನ ಅವನ ಮನೆಗೇ ಹೋಗಿ, ಸಹಿಯ ಹೊತ್ತು ಬರುವ ತನಕ ಅಲ್ಲೇ ಕೂತರು. ಬ್ಲೇಕ್ ಗ್ರಿಫಿನ್ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟ ಫೋಟೋ ಹಾಕಿ ತಮಾಷೆ ಮಾಡಿದ. ನಡುರಾತ್ರಿ ಕಳೆದ ಕೂಡಲೇ ಸಹಿ ಬಿತ್ತು.

ಪ್ರಶ್ನೆ: ಲೆಬ್ರಾನ್‌ನನ್ನು ಲೇಕರ್ಸ್ ಯಾಕೆ ಮಾರಿಬಿಡಲಿಲ್ಲ? (ಓದುಗ, ಕಾರವಾರ)

ಉತ್ತರ: 2024ರ ಒಪ್ಪಂದದಲ್ಲಿ ತನ್ನ ಒಪ್ಪಿಗೆ ಇಲ್ಲದೆ ಟ್ರೇಡ್, ಅಂದರೆ ಬೇರೆ ಟೀಮಿನ ಜೊತೆ ಅದಲುಬದಲು, ಮಾಡುವಂತಿಲ್ಲ ಎಂದು ಬರೆಸಿಕೊಂಡಿದ್ದ. ಜಾಣ.

ಪ್ರಶ್ನೆ: ನಾನು ಶಿವಮೊಗ್ಗದವನು, ಟೊರೊಂಟೊದಲ್ಲಿದ್ದೇನೆ. 2019ರಲ್ಲಿ ನಮಗೆ ಕಪ್ ಗೆದ್ದುಕೊಟ್ಟ ಕವಾಯ್ ಲೆನರ್ಡ್ ಮರು ತಿಂಗಳೇ ಬಿಟ್ಟು ಹೋದ. ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ. ಏನು ಮಾಡಲಿ? (ಓದುಗ, ಟೊರೊಂಟೊ)

ಉತ್ತರ: ಆ ವಾರ ನಿಮ್ಮ ಊರಿನ ಜನ ಆಡಿದ್ದನ್ನು ಮರೆಯುವ ಹಾಗಿಲ್ಲ. ಕವಾಯ್ ಮಾತುಕತೆಗೆ ಬಂದಿದ್ದಾನೆ ಅಂತ ವಿಮಾನಗಳ ಜಾಡು ಹಿಡಿದರು. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೊರಟ ಕರಿ ಕಾರುಗಳನ್ನು ಟಿವಿಯವರು ಹೆಲಿಕಾಪ್ಟರಿನಲ್ಲಿ ಹಿಂಬಾಲಿಸಿದರು. ಹೋಟೆಲಿನ ಮುಂದೆ ಜನಜಾತ್ರೆ. ಇಷ್ಟೆಲ್ಲ ಆಗುತ್ತಿದ್ದಾಗ ಕವಾಯ್ ಸದ್ದಿಲ್ಲದೆ ಬೇರೆಯೇ ಕೆಲಸ ಮಾಡುತ್ತಿದ್ದ. ಪಾಲ್ ಜಾರ್ಜ್‌ನನ್ನು ತಂದರೆ ಬರುತ್ತೇನೆ ಎಂದು ಕ್ಲಿಪ್ಪರ್ಸ್‌ಗೆ ಷರತ್ತು ಹಾಕಿದ್ದ.

ಹೊಟ್ಟೆ ತಣ್ಣಗಾಗಬೇಕಾ? ಕ್ಲಿಪ್ಪರ್ಸ್ ಕೊಟ್ಟ ಬೆಲೆ ಕೇಳಿ. ಪಾಲ್ ಜಾರ್ಜ್‌ಗಾಗಿ ಒಕ್ಲಹೋಮಾ ಸಿಟಿಗೆ ಡ್ಯಾನಿಲೊ ಗ್ಯಾಲಿನಾರಿ, ಮೊದಲ ಸುತ್ತಿನ ಐದು ಪಿಕ್, ಎರಡು ಸಲ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು, ಜೊತೆಗೆ ಒಂದೇ ಸೀಸನ್ ಆಡಿದ್ದ ಒಬ್ಬ ಸಣ್ಣ ಹುಡುಗ. ಅವನೇ ಶೇ ಗಿಲ್ಜಸ್-ಅಲೆಕ್ಸಾಂಡರ್. ನಿಮ್ಮ ಟೊರೊಂಟೊದಲ್ಲೇ ಹುಟ್ಟಿ, ಪಕ್ಕದ ಹ್ಯಾಮಿಲ್ಟನ್‌ನಲ್ಲಿ ಬೆಳೆದವನು. ಆ ಪಿಕ್‌ಗಳಲ್ಲಿ ಒಂದರಿಂದ 2022ರಲ್ಲಿ ಜೇಲನ್ ವಿಲಿಯಮ್ಸ್ ಬಂದ. 2025ರಲ್ಲಿ ಒಕ್ಲಹೋಮಾ ಚಾಂಪಿಯನ್, ಶೇ ಎಂವಿಪಿ, ಅಂದರೆ ಸೀಸನ್‌ನ ಶ್ರೇಷ್ಠ ಆಟಗಾರ. ಕ್ಲಿಪ್ಪರ್ಸ್‌ಗೆ 2021ರಲ್ಲಿ ಕಾನ್ಫರೆನ್ಸ್ ಫೈನಲ್ (ನಮ್ಮ ಲೆಕ್ಕದಲ್ಲಿ ಸೆಮಿಫೈನಲ್) ಮುಟ್ಟಿದ್ದೇ ದೊಡ್ಡದಾಯಿತು. ಪಾಲ್ ಜಾರ್ಜ್ 2024ರಲ್ಲಿ ಫಿಲಡೆಲ್ಫಿಯಾಗೆ ಹೊರಟುಹೋದ, ಕ್ಲಿಪ್ಪರ್ಸ್‌ಗೆ ಬದಲಿಗೆ ಏನೂ ಸಿಗಲಿಲ್ಲ. ನಿಮ್ಮ ಕೈಯಲ್ಲಿ ಕಪ್ಪಾದರೂ ಇದೆಯಲ್ಲ ಮಾರಾಯರೆ!

ಟ್ರೇಡ್ ಆದ ಮರುದಿನವೇ ಗೆದ್ದವರು ಇವರು, ಸೋತವರು ಇವರು ಎಂದು ಮಾರ್ಕ್ಸ್ ಕೊಡುವವರನ್ನು ಕಂಡರೆ ನನಗೆ ನಗು ಬರುವುದು ಇದಕ್ಕೇ. ಅವತ್ತು ಶೇ ಹೆಸರು ಸುದ್ದಿಯ ಕೊನೇ ಸಾಲಿನಲ್ಲಿತ್ತು.

ಪ್ರಶ್ನೆ: ಮೈಸೂರಿನಲ್ಲಿ ಪಿಯುಸಿ ಓದುತ್ತಾ ಬ್ಯಾಸ್ಕೆಟ್‌ಬಾಲ್ ಆಡುತ್ತೇನೆ ಸರ್. ನಮ್ಮ ದೇಶದಲ್ಲಿ ಫ್ರೀ ಏಜೆನ್ಸಿ ಯಾಕಿಲ್ಲ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ಇದೆ ಮಗಳೇ, ಅದರ ಹೆಸರು ಸರ್ಕಾರಿ ಕೆಲಸ. ನಮ್ಮ ಸೀನಿಯರ್ ನ್ಯಾಷನಲ್ಸ್‌ನಲ್ಲಿ ರಾಜ್ಯಗಳ ಜೊತೆ ರೈಲ್ವೆಯೂ ಒಂದು ಟೀಮ್. ಚೆನ್ನಾಗಿ ಆಡುವ ಹುಡುಗಿಯರನ್ನು ರೈಲ್ವೆ ಕೆಲಸ ಕೊಟ್ಟು ಕರೆದುಕೊಳ್ಳುತ್ತದೆ. ರಾಜ್ಯದ ಟೀಮಿಗೆ ಬದಲಿಗೆ ಪಿಕ್ಕೂ ಇಲ್ಲ, ಆಟಗಾರ್ತಿಯೂ ಇಲ್ಲ. ಆದರೆ ನಿನ್ನ ಕಡೆಯಿಂದ ನೋಡು. ಲುಕಾನ ಹಾಗೆ ರಾತ್ರೋರಾತ್ರಿ ಯಾರೂ ನಿನ್ನನ್ನು ಇನ್ನೊಂದು ಟೀಮಿಗೆ ಕೊಡುವುದಿಲ್ಲ. ಮೊಣಕಾಲು ಕೈಕೊಟ್ಟರೂ ಸಂಬಳ ಬರುತ್ತದೆ. ನಾನು ಆಟ ಬಿಟ್ಟ ಮೇಲೆ ಮನೆ ನಡೆದದ್ದು ಆ ಸಂಬಳದಲ್ಲೇ. ಕಷ್ಟ ಇರುವುದು ಬಿಡುವಾಗ. ಕೆಲಸ ಬದಲಿಸಬೇಕೆಂದರೆ ಎನ್‌ಒಸಿಗೆ ಕಾಯಬೇಕು. ಅದು ಮೇಜಿನಿಂದ ಮೇಜಿಗೆ ಸಾಗುವ ಹೊತ್ತಿಗೆ ಒಂದು ಸೀಸನ್ ಹೋದರೂ ಹೋಯಿತು.

ಸದ್ಯಕ್ಕೆ ಒಂದು ಕೆಲಸ ಮಾಡು. ಆಡಿದ ಪ್ರತಿ ಟೂರ್ನಿಯ ಸರ್ಟಿಫಿಕೇಟಿನ ಒರಿಜಿನಲ್ ಫೈಲಿನಲ್ಲಿ ಜೋಪಾನವಾಗಿಡು. ಚಂದ ಕಾಣುತ್ತದೆ ಅಂತ ಸುಮ್ನೆ ಲ್ಯಾಮಿನೇಷನ್ ಮಾಡಿಸಬೇಡ, ಹಿಂದೆ ಸಹಿ ಸೀಲು ಹಾಕುವಾಗ ಗುಮಾಸ್ತರು ತಕರಾರು ತೆಗೆಯುತ್ತಾರೆ.