10 ವಿಕೆಟ್ ಗೆಲುವನ್ನು ಇಂಗ್ಲಿಷಿನಲ್ಲಿ ಏನೆನ್ನಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕಾಲೇಜು ತಂಡ ಫೈನಲ್‌ನಲ್ಲಿ 10 ವಿಕೆಟ್‌ಗಳಿಂದ ಗೆದ್ದಿದೆ, ವಾರ್ಷಿಕ ಸಂಚಿಕೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೀಬೇಕು. ವಾಕೋವರ್, ವೈಟ್‌ವಾಶ್, ಕೇಕ್‌ವಾಕ್, ಲ್ಯಾಂಡ್‌ಸ್ಲೈಡ್ ಎಲ್ಲಾ ಒಂದೇ ತಾನೇ, ಯಾವುದನ್ನ ಹಾಕಲಿ?

ಒಂದೇ ಅಲ್ಲ. ನನಗೆ ಇದು ಡಿಕ್ಷನರಿ ನೋಡಿ ತಿಳಿದದ್ದಲ್ಲ, ಮೈಕ್ ಹಿಡಿದು ಬೈಸಿಕೊಂಡು ತಿಳಿದದ್ದು.

ನಾನು ಜಮಖಂಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಕ್ರೀಡಾಕೂಟ ಬಂತಂದ್ರೆ ಪಿ.ಟಿ. ಮಾಸ್ತರು ಸೀಟಿ ಹಿಡೀತಾರೆ, ಕಾಮೆಂಟ್ರಿ ನನ್ನ ಕೊರಳಿಗೆ ಬೀಳುತ್ತೆ. ಕೆಲವು ವರ್ಷದ ಹಿಂದೆ ಬಾಲಕಿಯರ ಕಬಡ್ಡಿ ನಡೆದಿತ್ತು. ಒಂದು ತಂಡ ಮೊದಲರ್ಧದಲ್ಲೇ ಎರಡು ಲೋನಾ ಹಾಕಿತ್ತು (ಎದುರಿನವರೆಲ್ಲ ಔಟಾದರೆ ಸಿಗೋ ಎರಡು ಹೆಚ್ಚಿನ ಅಂಕ, ಗೊತ್ತಿಲ್ಲದವರಿಗೆ ಹೇಳ್ತಿದ್ದೇನೆ). ಕೊನೆಗೆ 41–9. ನಾನು ಉಮೇದಿನಲ್ಲಿ ಮೈಕಿನಲ್ಲಿ, ‘ಇದು ಆಟ ಅಲ್ಲ, ವಾಕೋವರ್!’ ಅಂದುಬಿಟ್ಟೆ.

ಸೋತ ತಂಡದ ಮಾಸ್ತರು ಒಬ್ಬ ಹುಡುಗಿಯ ಕೈ ಹಿಡಿದುಕೊಂಡು ನೆಟ್ಟಗೆ ನನ್ನ ಟೇಬಲ್ಲಿಗೇ ಬಂದರು. ಆಕೆಯ ಎರಡೂ ಮೊಳಕಾಲು ತರಚಿ, ಅದರ ಮೇಲೆ ಯಾರೋ ಅರಿಷಿಣ ಒತ್ತಿದ್ದರು. ‘ಸರ್, ವಾಕೋವರ್ ಅಂದ್ರ ನಮ್ಮವ್ರು ಮೈದಾನಕ್ಕ ಬಂದೇ ಇಲ್ಲ ಅಂದಂಗ ಆತು. ಈಕಿ ಮೊಳಕಾಲ ನೋಡ್ರಿ. ಬರದನ ಹರಕೊಂಡಾಳೇನು?’

ಅವರು ಹೇಳಿದ್ದು ಸರಿ. ತಾಲ್ಲೂಕು ಮಟ್ಟದ ಆಟದಲ್ಲಿ ಈ ಶಬ್ದವನ್ನು ದಿನಾ ಬಳಸುವ ಪಿ.ಟಿ. ಮಾಸ್ತರರಿಗೆ ಅದರ ಅರ್ಥ ಗೊತ್ತಿತ್ತು, ಇಂಗ್ಲಿಷ್ ಕಲಿಸುವ ನನಗೆ ಗೊತ್ತಿರಲಿಲ್ಲ. ವಾಕೋವರ್ ಹುಟ್ಟಿದ್ದು ಇಂಗ್ಲೆಂಡಿನ ಕುದುರೆ ರೇಸಿನಲ್ಲಿ. ಎದುರಿಗೆ ಯಾರೂ ಇಳಿಯದಿದ್ದರೂ ಒಂಟಿ ಕುದುರೆ ಸುಮ್ಮನೆ ಬಹುಮಾನ ಒಯ್ಯುವಂತಿರಲಿಲ್ಲ. ಆ ಓಟದ ದಾರಿಯನ್ನು ನಡೆದಾದರೂ ಮುಗಿಸಬೇಕಿತ್ತು. 18ನೇ ಶತಮಾನದಲ್ಲಿ ಎಕ್ಲಿಪ್ಸ್ ಅನ್ನೋ ಕುದುರೆ ಒಂದು ರೇಸನ್ನೂ ಸೋಲಲಿಲ್ಲ. 1769ರಲ್ಲಿ ಎಪ್ಸಮ್‌ನಲ್ಲಿ ಅದರ ಮೇಲೆ ಬಾಜಿ ಕಟ್ಟಿದವನೊಬ್ಬ ‘ಎಕ್ಲಿಪ್ಸ್ ಮೊದಲು, ಉಳಿದವು ಎಲ್ಲೂ ಇಲ್ಲ’ ಅಂದನೆಂಬ ಮಾತು ಇಂದಿಗೂ ಪ್ರಸಿದ್ಧ. ತೀರಾ ಹಿಂದೆ ಬಿದ್ದ ಕುದುರೆಗಳಿಗೆ ಆಗ ಸ್ಥಾನವನ್ನೇ ಕೊಡುತ್ತಿರಲಿಲ್ಲ. ಆಮೇಲೆ ಅದರೆದುರು ಕುದುರೆ ಬಿಡೋಕೇ ಜನ ಹಿಂಜರಿದರು, ಎಷ್ಟೋ ಸಲ ಅದು ಒಂದೇ ನಡೆದು ಗೆದ್ದಿತು. ಈಗ ಪತ್ರಿಕೆಗಳಲ್ಲಿ ಸುಲಭದ ಗೆಲುವಿಗೆಲ್ಲ ವಾಕೋವರ್ ಅಂತ ಬರೀತಾರೆ, ತಪ್ಪು ಅನ್ನೋಕಾಗಲ್ಲ. ಆದರೆ ಆಡಿ ಸೋತವರ ಎದುರಿಗೆ ಅನ್ನಬೇಡಿ.

ಅವತ್ತಿನಿಂದ ಇಂಥ ಶಬ್ದ ಕಂಡರೆ ನಾನು ಮೊದಲು ನೋಡೋದು, ಅದು ಸೋತವನ ಬಗ್ಗೆ ಏನು ಹೇಳುತ್ತೆ ಅಂತ. ಗೆದ್ದವನು ಎಲ್ಲ ಶಬ್ದದಲ್ಲೂ ಒಬ್ಬನೇ. ಸೋತವನು ಒಂದರಲ್ಲಿ ಬಂದೇ ಇಲ್ಲ, ಒಂದರಲ್ಲಿ ಓಡಿಹೋಗಿದ್ದಾನೆ, ಇನ್ನೊಂದರಲ್ಲಿ ಹೊಡೆಸಿಕೊಂಡಿದ್ದಾನೆ.

ಓಡಿಹೋದದ್ದು ‘ರೌಟ್’. ಸೈನ್ಯ ಸಾಲು ಮುರಿದು ಚೆಲ್ಲಾಪಿಲ್ಲಿ ಆಗೋದು. ನಮ್ಮಲ್ಲಿ ‘ದಿಕ್ಕಾಪಾಲು’ ಅನ್ನೋ ಶಬ್ದ ಇದಕ್ಕೆ ಕೈಗವಸಿನ ಹಾಗೆ ಕೂಡುತ್ತೆ. ಉದಾಹರಣೆ ದೂರ ಹುಡುಕಬೇಕಿಲ್ಲ, ಕೃಷ್ಣೆಯ ದಂಡೆಯಲ್ಲೇ ಇದೆ: 1565ರ ಜನವರಿಯ ತಾಳಿಕೋಟೆ ಕದನ, ರಕ್ಕಸತಂಗಡಿ ಅಂತಲೂ ಅಂತೀವಲ್ಲ ಅದು. ಅಳಿಯ ರಾಮರಾಯ ಸತ್ತ ಸುದ್ದಿ ಹಬ್ಬುತ್ತಲೇ ವಿಜಯನಗರದ ದೊಡ್ಡ ಸೈನ್ಯ ನಿಲ್ಲಲಿಲ್ಲ. ಅದು ರೌಟ್. ಆದರೆ ಸುಲಭದ ಗೆಲುವೇ? ಅಲ್ಲ. ಅಲ್ಲಿಯವರೆಗೆ ಎರಡೂ ಕಡೆ ಘೋರ ಕಾಳಗ ನಡೆದಿತ್ತು. ರೌಟ್ ಅನ್ನೋದು ಕೊನೆ ಹೇಗಾಯ್ತು ಅಂತ ಹೇಳುತ್ತೆ, ಆರಂಭದ ಬಗ್ಗೆ ಏನೂ ಹೇಳಲ್ಲ. ನನ್ನ ಹುಡುಗರು ಇದನ್ನ ‘ರೂಟ್’ ಅಂತ ಓದ್ತಾರೆ, ಅದು ಬೇರೆ ಮಾತು.

‘ಹ್ಯಾಂಡ್ಸ್ ಡೌನ್’ ಮತ್ತೆ ಕುದುರೆಯದ್ದೇ. ಕೈ ಇಳಿಸೋದು ಅಂದರೆ ಸೋತು ಶರಣಾಗೋದು ಅಂತ ತುಂಬ ಜನ ತಿಳಿದಿದ್ದಾರೆ, ತಿರುವುಮುರುವು. ಚಿಕ್ಕೋಡಿ, ಅಥಣಿ ಕಡೆ ಎತ್ತಿನ ಗಾಡಿ ಓಟದ ಶರ್ಯತ್ತು ನೋಡಿದವರಿಗೆ ತಟ್ಟನೆ ಹೊಳೆಯುತ್ತೆ. ಪೈಪೋಟಿ ಇದ್ದಾಗ ಗಾಡಿ ಹೊಡೆಯುವವನು ಅರ್ಧ ಎದ್ದು ನಿಂತು, ಹಗ್ಗ ಜಗ್ಗಿ, ಬಾರುಕೋಲು ಎತ್ತಿ, ಗಂಟಲು ಹರಿಯೋ ಹಾಗೆ ಕೂಗ್ತಿರ್ತಾನೆ. ಹಿಂದಿನ ಜೋಡಿ ಧೂಳಿನಲ್ಲಿ ಕಾಣದಷ್ಟು ದೂರ ಉಳಿದಿದ್ದರೆ ಕೈ ತಾನಾಗಿ ತೊಡೆಯ ಮೇಲೆ ಇಳಿಯುತ್ತೆ, ಹಗ್ಗ ಸಡಿಲಾಗುತ್ತೆ. ಗುರಿ ಹತ್ತಿರ ಜಾಕಿ, ಅಂದರೆ ರೇಸ್ ಕುದುರೆಯ ಸವಾರ, ಮಾಡುತ್ತಿದ್ದದ್ದೂ ಅದನ್ನೇ.

ಇನ್ನು ವೈಟ್‌ವಾಶ್. ಸುಣ್ಣ ಬಳಿಯೋದು. ಕ್ರಿಕೆಟ್‌ನಲ್ಲಿ ಇದು ಸರಣಿಯ ಎಲ್ಲ ಪಂದ್ಯಗಳನ್ನೂ ಒಂದೇ ತಂಡ ಗೆದ್ದಾಗಿನ ಮಾತು, ಒಂದು ಪಂದ್ಯದ್ದಲ್ಲ. 2024ರಲ್ಲಿ ನ್ಯೂಜಿಲೆಂಡ್ ನಮ್ಮ ನೆಲದಲ್ಲೇ ಟೆಸ್ಟ್ ಸರಣಿಯನ್ನ 3–0 ಗೆದ್ದಿತಲ್ಲ, ಅದು ವೈಟ್‌ವಾಶ್. 1984ರಲ್ಲಿ ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡನ್ನು ಅಲ್ಲೇ 5–0 ಸೋಲಿಸಿದಾಗ ಅದನ್ನ ‘ಬ್ಲ್ಯಾಕ್‌ವಾಶ್’ ಅಂತ ತಿರುಗಿಸಿ ಕರೆದರು. ಆ ಒಂದು ಶಬ್ದದ ತಿರುವಿಗೆ ನಾನು ಇವತ್ತಿಗೂ ಸಲಾಂ ಹೊಡೀತೀನಿ. ಹಾಗಾಗಿ ನಿಮ್ಮ ಒಂದೇ ಫೈನಲ್‌ಗೆ ಸುಣ್ಣ ಬೇಡ. ಅದೂ ಅಲ್ಲದೆ ತಪ್ಪು ಮುಚ್ಚಿಹಾಕೋದಕ್ಕೂ ಇಂಗ್ಲಿಷಿನಲ್ಲಿ ಇದೇ ಶಬ್ದ.

ಲ್ಯಾಂಡ್‌ಸ್ಲೈಡ್ ಚುನಾವಣೆಯದ್ದು. 1989ರಲ್ಲಿ ರಾಜ್ಯದ 224 ಸ್ಥಾನಗಳಲ್ಲಿ ಕಾಂಗ್ರೆಸ್ 178 ಗೆದ್ದಿತು, ಅಂಥದ್ದು. ಹನ್ನೊಂದು ಜನರ ಆಟಕ್ಕೆ ಹೊಂದಲ್ಲ. ನನ್ನ ಕ್ಲಾಸಿನ ಒಬ್ಬ ಇದನ್ನ ‘ಭೂಕುಸಿತದ ಗೆಲುವು’ ಅಂತ ಅನುವಾದಿಸಿದ್ದ. ಎರೆಹೊಲದ ಊರಿನ ಹುಡುಗ, ಗುಡ್ಡ ಕುಸಿದದ್ದು ಎಲ್ಲಿ ಕಂಡಾನು. ಪ್ರಚಂಡ ಬಹುಮತ ಅಂತ ನಮ್ಮಲ್ಲಿ ಇದ್ದೇ ಇದೆ.

ಕೇಕ್‌ವಾಕ್ ಅಂದರೆ ನನಗೆ ಸ್ವಲ್ಪ ಮುಜುಗರ. ಅಮೆರಿಕದ ತೋಟಗಳಲ್ಲಿ ಗುಲಾಮರಾಗಿದ್ದ ಕರಿಯ ಜನರ ನಡಿಗೆ-ನೃತ್ಯ ಅದು, ಚೆನ್ನಾಗಿ ನಡೆದ ಜೋಡಿಗೆ ಕೇಕು ಬಹುಮಾನ. ‘ಬಾಳೆಹಣ್ಣು ಸುಲಿದಂತೆ’ ಅನ್ನುವ ಅರ್ಥ ಆಮೇಲೆ ಅಂಟಿಕೊಂಡಿತು.

ಹೊಡೆತದ ಶಬ್ದಗಳು ಥ್ರ್ಯಾಶಿಂಗ್, ಡ್ರಬ್ಬಿಂಗ್. ಎರಡನೆಯದರ ಬೇರು ಅರಬ್ಬಿಯ ‘ಜರ್ಬ್’ ಇರಬಹುದು ಅಂತಾರೆ ವಿದ್ವಾಂಸರು. ವಿಜಯಪುರದ ಉರ್ದು ಬಲ್ಲವರನ್ನ ಕೇಳಿ, ಜರ್ಬ್ ಅಂದರೆ ಪೆಟ್ಟು, ಗಣಿತದಲ್ಲಿ ಗುಣಾಕಾರ. ಕುಸ್ತಿಯ ಶಬ್ದ ಮಾತ್ರ ಸಪ್ಪೆ: ಫ್ರೀಸ್ಟೈಲ್‌ನಲ್ಲಿ ಒಬ್ಬ 10 ಅಂಕ ಮುಂದೆ ಹೋದರೆ ಆಟ ನಿಲ್ಲಿಸಿ ‘ಟೆಕ್ನಿಕಲ್ ಸುಪೀರಿಯಾರಿಟಿ’ ಅಂತಾರೆ. ಸರ್ಕಾರಿ ಸುತ್ತೋಲೆ ಓದಿದ ಹಾಗಿದೆ. ನಮ್ಮ ಖಾಡಾದಲ್ಲಿ ಬೆನ್ನಿಗೆ ಮಣ್ಣು ಹತ್ತಿತೋ, ಚಿತ್, ಮುಗೀತು.

ಈಗ ನಿಮ್ಮ ಪಂದ್ಯ. 10 ವಿಕೆಟ್ ಅಂತಷ್ಟೇ ಹೇಳಿದಿರಿ, ಎಷ್ಟು ಓವರ್ ಉಳಿದಿತ್ತು ಅಂತ ಹೇಳಲಿಲ್ಲ. 2023ರ ಏಷ್ಯಾ ಕಪ್ ಫೈನಲ್‌ನಲ್ಲಿ ಶ್ರೀಲಂಕಾ 50ಕ್ಕೆ ಆಲೌಟ್, ಸಿರಾಜ್‌ಗೆ 6 ವಿಕೆಟ್, ನಮ್ಮವರು 6.1 ಓವರಿನಲ್ಲಿ ಮುಗಿಸಿದರು. ಅಂಥದ್ದಾದರೆ ರೌಟ್ ಅಂತ ಧೈರ್ಯವಾಗಿ ಬರೀರಿ. ಅವರು ಮರ್ಯಾದೆಯ ಮೊತ್ತ ಹೊಡೆದು, ನಿಮ್ಮ ಆರಂಭಿಕರಿಬ್ಬರು ನಿಧಾನಕ್ಕೆ ಮುಟ್ಟಿಸಿದ್ದರೆ ‘ವನ್ ಅಟ್ ಎ ಕ್ಯಾಂಟರ್’ ಚೆಂದ. ಕ್ಯಾಂಟರ್ ಅಂದರೆ ಕ್ಯಾಂಟರ್ಬರಿ ಯಾತ್ರೆಗೆ ಹೋಗುವವರ ಕುದುರೆಯ ಹದವಾದ ಓಟ. ಕೊನೆಯ ಓವರಿಗೆ ಹೋಗಿತ್ತಾದರೆ 10 ವಿಕೆಟ್ ಉಳಿದರೂ ಅದು ಸುಲಭದ ಗೆಲುವಲ್ಲ, ‘ವನ್ ಬೈ ಟೆನ್ ವಿಕೆಟ್ಸ್’ ಅಂತ ಬರೆದು ಬಿಡಿ.

ಆ ಕಬಡ್ಡಿ ಮಾಸ್ತರರು ಮರುವರ್ಷ ಮತ್ತೆ ಸಿಕ್ಕರು. ಅವರ ಎದುರಾಳಿಗಳ ಟೆಂಪೋ ದಾರಿಯಲ್ಲಿ ಕೆಟ್ಟು ನಿಂತು, ಹೊತ್ತು ಮೀರಿದರೂ ಬರಲಿಲ್ಲ. ಅವರ ಏಳು ಹುಡುಗಿಯರು ಅಂಕಣದಲ್ಲಿ ಸಾಲಾಗಿ ನಿಂತಿದ್ದರು, ಪಂಚರು ಗಡಿಯಾರ ನೋಡುತ್ತಿದ್ದರು. ಮಾಸ್ತರರು ನನ್ನ ಟೇಬಲ್ಲಿಗೆ ಬಂದು ಮೈಕನ್ನು ತಾವೇ ನನ್ನ ಬಾಯಿಯ ಹತ್ತಿರ ಸರಿಸಿದರು.

‘ಹಾಂ, ಈಗ ಅನ್ರಿ ಸರ್.’